ಪತ್ರ ಬರೆಯುವವನು ಯಾರ ಕಡೆಯವನು?

ನಮ್ಮ ನಾಡಿನಲ್ಲಿ ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಯಾವುದೇ ಇರಲಿ, ಕೊನೆಗೆ ಬರುವ ಮಾತು ಹೆಚ್ಚು ಕಡಿಮೆ ಒಂದೇ. ಪತ್ರದ ಒಕ್ಕಣೆಯನ್ನು ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ ರುಜು ಮಾಡಿದ್ದೇನೆ ಎನ್ನುವ ಮಾತು. ಅದರ ಕೆಳಗೆ ರುಜು ಇಲ್ಲವೆ ಹೆಬ್ಬೆಟ್ಟಿನ ಗುರುತು, ಸಾಕ್ಷಿಗಳ ಹೆಸರು, ಹಳೆಯ ಪತ್ರಗಳಾದರೆ ‘ಬಿಕ್ಕಲಂ’ ಎಂದು ಬರೆದವನ ಹೆಸರು. ಇಂಥವನ ಕಲಮಿನಿಂದ ಬರೆಯಲ್ಪಟ್ಟಿತು ಎಂದು ಅದರ ಅರ್ಥ.

ಎಷ್ಟು ಪತ್ರಗಳಲ್ಲಿ ಈ ಮಾತು ನಿಜ? ಅಣ್ಣಂದಿರ ಜೊತೆ ಬಂದಿಳಿದು, ತೋರಿಸಿದ ಕಡೆಯಲ್ಲೆಲ್ಲ ಹೆಬ್ಬೆಟ್ಟು ಒತ್ತಿ, ಹೋಟೆಲಿನಲ್ಲಿ ತಿಂಡಿ ತಿಂದು, ಒಂದು ಸೀರೆಯೊಂದಿಗೆ ಗಂಡನ ಮನೆಗೆ ಮರಳುವ ತಂಗಿ ಏನನ್ನು ಕೇಳಿದಳು, ಏನನ್ನು ಒಪ್ಪಿದಳು? ಮನೆಯಲ್ಲಿ ದಖನಿ ಉರ್ದು ಆಡುವ, ಮದ್ರಸದಲ್ಲಿ ಕಲಿತ ಅಕ್ಷರವಷ್ಟೇ ಬಲ್ಲ ತಾಯಿಗೆ ಕಚೇರಿ ಕನ್ನಡದ ಆ ಉದ್ದನೆಯ ವಾಕ್ಯಗಳಲ್ಲಿ ಎಷ್ಟು ತಿಳಿಯಿತು? ಅವರ ಪರವಾಗಿ ‘ಕೇಳಿದ್ದೇನೆ, ಒಪ್ಪಿದ್ದೇನೆ’ ಎಂದು ಬರೆದವನು ಮೂರನೆಯವನು. ಅವನು ಪತ್ರ ಬರಹಗಾರನಿರಬಹುದು, ವಕೀಲನಿರಬಹುದು, ಚಾರ್ಟರ್ಡ್ ಅಕೌಂಟೆಂಟ್ ಇರಬಹುದು. ಅವನ ಹೊಣೆ ಎಲ್ಲಿಯವರೆಗೆ? ಹಣ ಕೊಟ್ಟವನು ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಟ್ಟರೆ ಅವನ ಕೆಲಸ ಮುಗಿಯಿತೇ? ಆಸ್ತಿಯ ವಿಲೇವಾರಿಯಲ್ಲಿ ಸಲಹೆ ಕೊಡುವ ವೃತ್ತಿಯೇ ಬದಲಾಗುತ್ತಿರುವ ಈ ದಿನಗಳಲ್ಲಿ ಇದನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ಒಂದು ಊರಿನ ಲೆಕ್ಕ

ಪ್ರಶ್ನೆಯನ್ನು ಒಂದು ಊರಿನ ನೆಲದ ಮೇಲಿಟ್ಟು ನೋಡೋಣ. ಕನಕಪುರದಿಂದ ಮಳವಳ್ಳಿ, ಕೊಳ್ಳೇಗಾಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಾತನೂರು ಇದೆ. ಕಬ್ಬಾಳು ಬೆಟ್ಟಕ್ಕೆ ಹತ್ತಿರದ ಹೋಬಳಿ ಕೇಂದ್ರ. ರಾಗಿ, ಹಿಪ್ಪುನೇರಳೆ, ತೆಂಗಿನ ಸೀಮೆ. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಹೆಸರು ಬದಲಾದರೆ ಭೂಮಿಯ ಬೆಲೆ ಏರುತ್ತದೆ ಎಂಬ ಮಾತು ಆಗ ಬಹಿರಂಗವಾಗಿಯೇ ಕೇಳಿಬಂದಿತ್ತು. ಅದಕ್ಕೂ ಮೊದಲು 2020ರಲ್ಲಿ ಭೂ ಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾಗಿ, ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಲು ಇದ್ದ ತಡೆ ಹೋಯಿತು. 2021ರಲ್ಲಿ ಕನಕಪುರ ರಸ್ತೆಯ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂತು.

ಇಂಥ ಊರಿನಲ್ಲಿ ನಾಲ್ಕು ಎಕರೆ ಜಮೀನು ಬಿಟ್ಟು ಒಬ್ಬ ಮುಸ್ಲಿಮ್ ರೈತ ತೀರಿಕೊಂಡನೆಂದು ಭಾವಿಸೋಣ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ತಂದೆತಾಯಿ ಮೊದಲೇ ಹೋಗಿದ್ದಾರೆ, ಸಾಲವಿಲ್ಲ. ನಾಲ್ಕು ಎಕರೆಯೆಂದರೆ 160 ಗುಂಟೆ. ಕುರ್‌ಆನಿನ ಲೆಕ್ಕದಂತೆ ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ 20 ಗುಂಟೆ. ಉಳಿದ 140ರಲ್ಲಿ ಗಂಡುಮಕ್ಕಳಿಗೆ 56ರಂತೆ, ಮಗಳಿಗೆ 28. ಅದೇ ಊರಿನ ಹಿಂದೂ ರೈತನ ಸ್ವಯಾರ್ಜಿತ ಜಮೀನಾಗಿದ್ದು ಅವನು ಉಯಿಲು ಬರೆಯದೆ ಹೋಗಿದ್ದರೆ ನಾಲ್ವರಿಗೂ 40 ಗುಂಟೆಯಂತೆ ಸಮಪಾಲು.

ರಾಗಿ ಬೆಳೆಯುವ ಹೊಲವಾಗಿ 28 ಗುಂಟೆ ದೊಡ್ಡದಲ್ಲ. ಮಗಳು ಕೇಳುತ್ತಿರಲಿಲ್ಲ, ಅಣ್ಣಂದಿರು ಕೊಡುತ್ತಿರಲಿಲ್ಲ, ಹಬ್ಬಕ್ಕೆ ಕರೆದು ಬಟ್ಟೆ ಕೊಟ್ಟರೆ ಋಣ ತೀರಿತು ಎಂದುಕೊಳ್ಳುತ್ತಿದ್ದರು. ಈಗ ಅದೇ 28 ಗುಂಟೆಯೆಂದರೆ ಮೂವತ್ತು ಸಾವಿರ ಚದರಡಿಗೂ ಮಿಕ್ಕ ಜಾಗ. ರಸ್ತೆ, ಚರಂಡಿಗೆ ಬಿಡುವುದನ್ನು ಲೆಕ್ಕಿಸದಿದ್ದರೆ ಮೂವತ್ತಕ್ಕೆ ನಲವತ್ತರ 25 ನಿವೇಶನ. ಹಕ್ಕು ಮೊದಲೂ ಇತ್ತು. ಈಗ ಅದಕ್ಕೆ ಬೆಲೆ ಬಂದಿದೆ. ಆದ್ದರಿಂದ ಅದನ್ನು ‘ಬಿಡಿಸಿಕೊಳ್ಳುವ’ ಆತುರವೂ ಬಂದಿದೆ.

ಬಿಡಿಸಿಕೊಳ್ಳುವ ದಾರಿಗಳು ಎರಡು. ಒಂದು, ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು. ಇನ್ನೊಂದು ಅದಕ್ಕಿಂತ ಸದ್ದಿಲ್ಲದ್ದು: ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬರೆಯದಿರುವುದು. ಮರದಲ್ಲಿ ಕೊಂಬೆಯೇ ಇಲ್ಲದಿದ್ದರೆ ಹಣ್ಣು ಕೇಳುವವರು ಯಾರು? 2025ರಲ್ಲಿ ಸರ್ಕಾರ ಸತ್ತವರ ಹೆಸರಿನಲ್ಲೇ ಉಳಿದಿರುವ ಖಾತೆಗಳನ್ನು ಬದಲಿಸಲು ಇ-ಪೌತಿ ಆಂದೋಲನ ಕೈಗೊಂಡಿತು. ಒಳ್ಳೆಯ ಕೆಲಸ. ಆದರೆ ಖಾತೆ ಬೇಗ ಆಗುವಾಗ, ಬಿಟ್ಟುಹೋದ ಹೆಸರೂ ಬೇಗ ಬಿಟ್ಟುಹೋಗುತ್ತದೆ.

ಕಾನೂನು ಬದಲಾಯಿತು, ಕೆಲಸವೂ ಬದಲಾಯಿತು

ಹೆಣ್ಣುಮಕ್ಕಳ ಪಾಲಿನ ಚರ್ಚೆ ಕನ್ನಡ ನೆಲಕ್ಕೆ ಹೊಸತಲ್ಲ. ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಶತಮಾನಗಳ ಕಾಲ ಆಳಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಚಾಳುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಹೆಣ್ಣುಮಕ್ಕಳ ಹಕ್ಕಿಗಾಗಿ ಮೈಸೂರು ಸಂಸ್ಥಾನ 1933ರಲ್ಲೇ ಪ್ರತ್ಯೇಕ ಕಾಯಿದೆ ಮಾಡಿತು. ಕರ್ನಾಟಕ 1994ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಪಾಲುದಾರರನ್ನಾಗಿಸಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ತಂದೆ 2005ರಲ್ಲಿ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಮುಸ್ಲಿಮ್ ಮಗಳ ಪಾಲಂತೂ ಹದಿನಾಲ್ಕು ಶತಮಾನಗಳ ಹಿಂದೆಯೇ ‘ಅನ್ನಿಸಾ’ ಅಧ್ಯಾಯದಲ್ಲಿ ನಿಗದಿಯಾಗಿದೆ.

ಇತ್ತ ಬರೆಯುವವರ ಕೆಲಸವೂ ಮೊದಲಿನಂತಿಲ್ಲ. ಕೈಬರಹದ ಪಹಣಿ ‘ಭೂಮಿ’ ಯೋಜನೆಯಿಂದ ಕಂಪ್ಯೂಟರಿಗೆ ಹೋಯಿತು. 2023ರಲ್ಲಿ ಬಂದ ಕಾವೇರಿ 2.0ರಿಂದ ಅರ್ಜಿ, ಶುಲ್ಕ, ಪತ್ರದ ಸಲ್ಲಿಕೆ ಎಲ್ಲವೂ ಮನೆಯಿಂದಲೇ ಆಗುವಂತಾಯಿತು. ಭಾವಚಿತ್ರಕ್ಕೆ, ಬೆರಳಚ್ಚಿಗೆ ಮಾತ್ರ ಉಪ ನೋಂದಣಾಧಿಕಾರಿಯ ಮುಂದೆ ಹೋಗಬೇಕು. ಉಯಿಲಿನ ಮಾದರಿ ಮೊಬೈಲಿನಲ್ಲಿ ಸಿಗುತ್ತದೆ. ಯಂತ್ರಕ್ಕೆ ಹೇಳಿದರೆ ಅದೇ ಬರೆದುಕೊಡುತ್ತದೆ. ಅಕ್ಷರ ಬಲ್ಲವನೆಂಬ, ಒಕ್ಕಣೆ ಬಲ್ಲವನೆಂಬ ಕಾರಣಕ್ಕೆ ಇದ್ದ ಬೆಲೆ ಕರಗುತ್ತಿದೆ.

ಹೊರದೇಶಗಳಲ್ಲೂ ಇದೇ ಕಥೆ, ಬೇರೆ ಕಾರಣದಿಂದ. ಅಮೆರಿಕದಲ್ಲಿ ಆಸ್ತಿ ಯೋಜನೆಯ ಸಲಹೆಗಾರನ ಮುಖ್ಯ ಕಸುಬು ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು ಉಳಿಸುವುದಾಗಿತ್ತು. 2001ರಲ್ಲಿ 6,75,000 ಡಾಲರ್ ಇದ್ದ ಕೇಂದ್ರ ತೆರಿಗೆಯ ವಿನಾಯಿತಿ ಮಿತಿ 2026ಕ್ಕೆ ಒಂದೂವರೆ ಕೋಟಿ ಡಾಲರ್ ಆಗಿದೆ. ಹೆಚ್ಚಿನ ಕುಟುಂಬಗಳಿಗೆ ಆ ತೆರಿಗೆಯ ಚಿಂತೆಯೇ ಇಲ್ಲ. ನಮ್ಮಲ್ಲಂತೂ 1953ರಲ್ಲಿ ಬಂದ ಅಂಥ ತೆರಿಗೆ 1985ರಲ್ಲೇ ರದ್ದಾಯಿತು. ಹಾಗಾದರೆ ಸಲಹೆಗಾರನಿಗೆ ಉಳಿದ ಕೆಲಸವೇನು? ಕುಟುಂಬದ ಒಳಗೆ ಯಾರಿಗೆ ಏನು, ಯಾಕೆ ಎಂಬ ಮಾತುಕತೆ. ಅಂದರೆ ನ್ಯಾಯದ ಮಾತು. ಲೆಕ್ಕವನ್ನು ಯಂತ್ರ ಮಾಡುತ್ತದೆ. ಪಟ್ಟಿಯಲ್ಲಿ ಯಾರಿಲ್ಲ ಎಂದು ಮುಖ ನೋಡಿ ಕೇಳಲು ಮನುಷ್ಯನೇ ಬೇಕು.

ಕಕ್ಷಿದಾರ ಯಾರು?

ಈ ವೃತ್ತಿಗೆ ಒಂದು ವಿಚಿತ್ರವಿದೆ. ವೈದ್ಯರ ಮದ್ದಿನ ಫಲವನ್ನು ರೋಗಿಯೇ ಅನುಭವಿಸುತ್ತಾನೆ. ದಾವೆ ಹೂಡಿದವನು ತೀರ್ಪಿನೊಡನೆ ಬದುಕುತ್ತಾನೆ. ಉಯಿಲು ಬರೆಸಿದವನಾದರೋ ಅದು ಜಾರಿಗೆ ಬರುವ ಹೊತ್ತಿಗೆ ಮಣ್ಣಿನಡಿ ಇರುತ್ತಾನೆ. ಅದರ ಸಿಹಿಕಹಿಯನ್ನು ಉಣ್ಣುವವರು ಬೇರೆ. ಅವರಲ್ಲಿ ಹೆಚ್ಚಿನವರು ಅದನ್ನು ಬರೆದ ಕೋಣೆಯಲ್ಲಿ ಇರಲೇ ಇಲ್ಲ. ಹಣ ಕೊಟ್ಟವನಷ್ಟೇ ನನ್ನ ಕಕ್ಷಿದಾರ ಎಂಬ ಸೂತ್ರ ಬೇರೆಲ್ಲಿ ಒಪ್ಪಿದರೂ ಇಲ್ಲಿ ಪೂರ್ತಿ ಒಪ್ಪುವುದಿಲ್ಲ.

ಪವಿತ್ರ ಕುರ್‌ಆನ್ ಬರೆಯುವವನನ್ನು ಎಷ್ಟು ಗಂಭೀರವಾಗಿ ಕಂಡಿದೆಯೆಂಬುದು ಗಮನಾರ್ಹ. ಅದರ ಅತಿ ಉದ್ದದ ಸೂಕ್ತವು ‘ಅಲ್ ಬಕರಃ’ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯುವವನು ಎರಡು ಕಡೆಯವರ ನಡುವೆ ನ್ಯಾಯದಿಂದ ಬರೆಯಬೇಕು, ಹೇಳಿ ಬರೆಸಲಾರದ ದುರ್ಬಲನಿದ್ದರೆ ಅವನ ಪೋಷಕನು ನ್ಯಾಯದಿಂದ ಹೇಳಿ ಬರೆಸಬೇಕು, ಬರೆದವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದು ಎಂದು ಅದು ಆದೇಶಿಸುತ್ತದೆ. ಅಲ್ಲಿ ಬರೆಯುವವನು ಒಂದು ಕಡೆಯ ಆಳಲ್ಲ.

ಅದೇ ಅಧ್ಯಾಯದ 181 ಮತ್ತು 182ನೇ ಸೂಕ್ತಗಳು ನೇರವಾಗಿ ವಸಿಯ್ಯತ್ತಿನ ಬಗ್ಗೆ ಇವೆ. ವಸಿಯ್ಯತ್ತನ್ನು ಕೇಳಿದ ಬಳಿಕ ಅದನ್ನು ತಿದ್ದಿದರೆ ಅದರ ಪಾಪ ತಿದ್ದಿದವರ ಮೇಲೆ ಎನ್ನುತ್ತದೆ ಮೊದಲನೆಯದು. ಆದರೆ ಬರೆಸುವವನಿಂದ ಪಕ್ಷಪಾತವೋ ಅನ್ಯಾಯವೋ ಆಗುತ್ತಿದೆಯೆಂದು ಅಂಜಿ, ಸಂಬಂಧಪಟ್ಟವರ ನಡುವೆ ಸಂಧಾನ ಮಾಡಿದವನ ಮೇಲೆ ಪಾಪವಿಲ್ಲ ಎನ್ನುತ್ತದೆ ಎರಡನೆಯದು. ಸಲಹೆಗಾರನ ಜಾಗ ಈ ಎರಡು ಸೂಕ್ತಗಳ ನಡುವೆ ಇದೆ. ಅವನು ತಿದ್ದುವಂತಿಲ್ಲ; ಬಾಯಿ ಮುಚ್ಚಿ ಕೂರಬೇಕಾಗಿಯೂ ಇಲ್ಲ.

ಮೂರನೆಯದೊಂದು ದಾರಿಯನ್ನು ಪ್ರವಾದಿವರ್ಯರೇ(ಸ) ತೋರಿದ್ದಾರೆ. ನುಅಮಾನ್ ಬಿನ್ ಬಶೀರ್‌ರ(ರ) ತಂದೆ ಅವರಿಗೆ ಒಂದು ಕೊಡುಗೆ ಕೊಟ್ಟರು. ಪ್ರವಾದಿಯವರು ಸಾಕ್ಷಿಯಾಗಲಿ ಎಂದು ತಾಯಿ ಬಯಸಿದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿವರ್ಯರು ಕೇಳಿದರು. ಇಲ್ಲ ಎಂದಾಗ, ಮಕ್ಕಳ ನಡುವೆ ನ್ಯಾಯ ಪಾಲಿಸಿರೆಂದು ಹೇಳಿ, ಅನ್ಯಾಯಕ್ಕೆ ತಾನು ಸಾಕ್ಷಿಯಾಗಲಾರೆ ಎಂದರು. ಕೊಡುವವನು ಆಸ್ತಿಯ ಒಡೆಯನೇ ಆಗಿದ್ದ. ಆದರೂ ಅಲ್ಲಿಲ್ಲದ ಮಕ್ಕಳ ಬಗ್ಗೆ ಒಂದು ಪ್ರಶ್ನೆ ಬಂತು, ಆಮೇಲೆ ಸಹಿಯ ನಿರಾಕರಣೆ ಬಂತು.

ಮೂರು ಆಕ್ಷೇಪಗಳು

ವೃತ್ತಿಯಲ್ಲಿರುವವರು ಇದಕ್ಕೆ ಉತ್ತರ ಕೊಡುತ್ತಾರೆ, ಅದನ್ನು ಹಗುರಾಗಿ ಕಾಣುವಂತಿಲ್ಲ. ಮೊದಲನೆಯದು, ನಾನು ಕಾಝಿಯಲ್ಲ, ಒಬ್ಬನ ಆಸ್ತಿ ಅವನಿಷ್ಟ ಎಂಬುದು. ನಿಜ. ಒಬ್ಬ ತಂದೆಗೆ ಒಂದು ಮಗುವಿಗೆ ಹೆಚ್ಚು ಕೊಡಲು ನ್ಯಾಯವಾದ ಕಾರಣವಿರಬಹುದು. ಹಾಸಿಗೆ ಹಿಡಿದ ಮಗಳಿರಬಹುದು, ಓದು ಬಿಟ್ಟು ಮನೆ ನಡೆಸಿದ ಮಗನಿರಬಹುದು. ಸಲಹೆಗಾರ ತೀರ್ಪು ಕೊಡಬೇಕಿಲ್ಲ. ಕಾರಣವನ್ನು ಕೇಳಿದರೆ ಸಾಕು. ನ್ಯಾಯವಾದ ಕಾರಣ ಕೇಳಿದರೆ ಸವೆಯುವುದಿಲ್ಲ, ಪತ್ರದಲ್ಲಿ ಬರೆದರೆ ಇನ್ನೂ ಗಟ್ಟಿಯಾಗುತ್ತದೆ. ಹೇಳಲು ನಾಚಿಕೆಯಾಗುವ ಕಾರಣ ಮಾತ್ರ ಕೇಳಿದಾಗ ತಡವರಿಸುತ್ತದೆ.

ಎರಡನೆಯದು ನಿಷ್ಠೆಯದು. ಕಕ್ಷಿದಾರನನ್ನು ತಡೆದರೆ ಅವನಿಗೆ ದ್ರೋಹವಲ್ಲವೇ? ಅನ್ಯಾಯಕ್ಕೊಳಗಾದವನಿಗೂ ಅನ್ಯಾಯ ಮಾಡುವವನಿಗೂ ನೆರವಾಗಿರಿ ಎಂದು ಪ್ರವಾದಿವರ್ಯರು(ಸ) ಹೇಳಿದಾಗ ಸಂಗಾತಿಗಳು ಬೆರಗಾಗಿ ಕೇಳಿದ್ದರು. ಅನ್ಯಾಯಗಾರನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ನೆರವು ಎಂಬ ಉತ್ತರ ಬಂತು. ಪರಲೋಕದ ವಿಚಾರಣೆಯನ್ನು ನಂಬುವವನಿಗೆ ಈ ತಡೆಗಿಂತ ದೊಡ್ಡ ಸೇವೆಯಿಲ್ಲ. ನಂಬದವನಿಗೂ, ಮಕ್ಕಳು ಹತ್ತು ವರ್ಷ ಕೋರ್ಟಿಗೆ ಅಲೆಯದಂತೆ ನೋಡಿಕೊಂಡ ಸಲಹೆಗಾರ ವೈರಿಯಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ವಕೀಲನು ಕಕ್ಷಿದಾರನ ಬರಿಯ ಬಾಯಿಯಾಗಿ ವರ್ತಿಸಬಾರದು, ಅವನನ್ನು ಅನುಚಿತ ದಾರಿಯಿಂದ ತಡೆಯಲು ಯತ್ನಿಸಬೇಕು ಎಂದೇ ಹೇಳುತ್ತವೆ.

ಮೂರನೆಯದು, ನಾನು ಬರೆಯದಿದ್ದರೆ ಪಕ್ಕದವನು ಬರೆಯುತ್ತಾನೆ ಎಂಬುದು. ಇದು ಹೊಟ್ಟೆಪಾಡಿನ ಮಾತು. ಆದರೆ ಈಗ ಪಕ್ಕದವನ ಜಾಗದಲ್ಲಿ ಯಂತ್ರವೂ ಬಂದು ಕೂತಿದೆ. ಹೇಳಿದ್ದನ್ನಷ್ಟೇ ಬರೆಯುವುದರಲ್ಲಿ ಅದರೊಡನೆ ಗೆಲ್ಲಲಾಗದು. ನಂಬಿಕೆಯೊಂದೇ ಮುಂದೆ ಈ ವೃತ್ತಿಯ ಬಂಡವಾಳ.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ತಂಗಿಯ ಕಡೆಯಿಂದಲೇ ಬರುತ್ತದೆ. ಅವಳು ಮನಸಾರೆ ಬಿಟ್ಟುಕೊಡಬಹುದು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ನಾಳೆ ಗಂಡ ಕೈಬಿಟ್ಟರೆ ಹೋಗಲು ಮನೆಯಿರುವುದಿಲ್ಲ ಎಂಬ ಲೆಕ್ಕ ಅವಳದು. ಇದು ಮೂರ್ಖತನವಲ್ಲ. ಆದರೆ ಹೆದರಿಕೆಯಿಂದ ಬಿಟ್ಟದ್ದನ್ನು ಸ್ವಸಂತೋಷ ಎಂದು ಬರೆಯಬಹುದೇ? ಇಸ್ಲಾಮಿನಲ್ಲಿ ತಖಾರುಜ್ ಎಂಬ ವ್ಯವಸ್ಥೆಯಿದೆ. ತಂದೆಯ ಮರಣಾನಂತರ ವಾರಸುದಾರಳು ಗೊತ್ತಾದ ಒಂದು ಮೊತ್ತವನ್ನು ಪಡೆದು ತನ್ನ ಪಾಲಿನಿಂದ ಹೊರಬರಬಹುದು. ಅಲ್ಲಿ ಅವಳಿಗೆ ತನ್ನ ಪಾಲೆಷ್ಟೆಂದು ತಿಳಿದಿರಬೇಕು, ಕೈಗೆ ಏನೋ ಬರಬೇಕು. ತಂದೆ ಬದುಕಿರುವಾಗಲೇ ಮುಸ್ಲಿಮ್ ಮಗಳಿಂದ ಬಿಡುಗಡೆ ಪತ್ರ ಬರೆಸಿಕೊಳ್ಳುವುದಂತೂ ಹುಟ್ಟದ ಹಕ್ಕನ್ನು ಬಿಡಿಸಿಕೊಂಡ ಹಾಗೆ. ಅದಕ್ಕೆ ಬದಲಾಗಿ ಅವಳು ಹಣ ಪಡೆದಿದ್ದರೆ ನ್ಯಾಯಾಲಯಗಳು ಬೇರೆ ರೀತಿ ನೋಡುವುದುಂಟು. ಹಾಗಲ್ಲದಿದ್ದರೆ ಆ ಕಾಗದಕ್ಕೆ ಬಲವಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಸಲಹೆಗಾರ ಮಾಡಬೇಕಾದ್ದೇನು? ಮೊದಲಿಗೆ, ಬಿಡುಗಡೆ ಮಾಡುವವಳನ್ನು ಅಣ್ಣಂದಿರಿಲ್ಲದೆ ಹತ್ತು ನಿಮಿಷ ಕೂರಿಸಿಕೊಂಡು, ಅವಳ ಮನೆಮಾತಿನಲ್ಲಿ, ಇಷ್ಟು ಗುಂಟೆ ನಿನ್ನದು ತಾಯಿ, ಇವತ್ತಿನ ಬೆಲೆ ಇಷ್ಟಾಗುತ್ತದೆ ಎಂದು ಹೇಳಬೇಕು. ಆಮೇಲೂ ಬಿಡುತ್ತೇನೆ ಎಂದರೆ ಅದು ಅವಳ ದಾನ, ಅದಕ್ಕೆ ಗೌರವವಿದೆ. ವಂಶವೃಕ್ಷ ಬರೆಯುವಾಗ ಹೆಣ್ಣುಮಕ್ಕಳೆಷ್ಟು ಎಂದು ಬಾಯಿಬಿಟ್ಟು ಕೇಳಬೇಕು.

ಮುಸ್ಲಿಮ್ ಕುಟುಂಬವಾದರೆ ಇನ್ನಷ್ಟು ಪ್ರಶ್ನೆಗಳಿವೆ. ಹೆಂಡತಿಯ ಮಹರ್ ಸಂದಿದೆಯೇ? ಸಲ್ಲದಿದ್ದರೆ ಅದು ಸಾಲ. ಪಾಲಿಗಿಂತ ಮೊದಲು, ವಸಿಯ್ಯತ್ತಿಗಿಂತಲೂ ಮೊದಲು ತೀರಬೇಕಾದ್ದು. ಒಬ್ಬ ಮಗನ ಹೆಸರಿಗೆ ವಸಿಯ್ಯತ್ ಬರೆಸಬೇಕೆಂದರೆ, ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಅದು ನಡೆಯದೆಂದು ಹೇಳಬೇಕು. ತೀರಿಕೊಂಡ ಮಗನ ಮಕ್ಕಳಿದ್ದಾರೆಯೇ? ಬೇರೆ ಗಂಡುಮಕ್ಕಳಿರುವಾಗ ಆ ಅನಾಥ ಮೊಮ್ಮಕ್ಕಳಿಗೆ ವಾರಸು ಸಿಗುವುದಿಲ್ಲ. ಆದರೆ ಮೂರನೇ ಒಂದರಷ್ಟು ಆಸ್ತಿಯನ್ನು ವಾರಸುದಾರರಲ್ಲದವರಿಗೆ ವಸಿಯ್ಯತ್ ಮಾಡುವ ಅವಕಾಶ ಅಜ್ಜನಿಗಿದೆ. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ವಸಿಯ್ಯತ್ತನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಅಜ್ಜ ಬದುಕಿರುವಾಗ ನೆನಪಿಸುವವನೊಬ್ಬನಿದ್ದರೆ ಅಷ್ಟೇ ಅವರ ಅದೃಷ್ಟ.

ಹಿಬಾ ಬಾಯಿಮಾತಿನಲ್ಲೂ ಸಲ್ಲುತ್ತದೆ, ನೋಂದಣಿ ಬೇಕಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆದರೆ 2025ರ ಅಕ್ಟೋಬರಿನಲ್ಲಿ ಕಲಬುರಗಿ ಭಾಗದ ಜಮೀನೊಂದರ ಪ್ರಕರಣದಲ್ಲಿ, ಕೊಟ್ಟದ್ದು, ಒಪ್ಪಿದ್ದು, ಸ್ವಾಧೀನಕ್ಕೆ ಬಂದದ್ದು ಮೂರೂ ಸಾಬೀತಾಗಬೇಕೆಂದು ಹೇಳಿ, ಬಾಯಿಮಾತಿನ ಹಿಬಾದ ವಾದವನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ. ಇದನ್ನು ಕೊಡುವವರಿಗೂ ಪಡೆಯುವವರಿಗೂ ತಿಳಿಸಬೇಕು. ಬ್ಯಾಂಕಿನಲ್ಲಿ, ಷೇರಿನಲ್ಲಿ ನಾಮಿನಿ ಹೆಸರು ಬರೆದ ಮಾತ್ರಕ್ಕೆ ಅವನು ಒಡೆಯನಾಗುವುದಿಲ್ಲ. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಇನ್ನು ಮನೆಯನ್ನು ಮಗನಿಗೆ ದಾನ ಬರೆಯುವ ವೃದ್ಧ ತಾಯಿ. ಹಿರಿಯ ನಾಗರಿಕರ 2007ರ ಕಾಯಿದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟು ಮಗ ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಬಹುದು. ಆ ಷರತ್ತಿನ ಒಂದು ಸಾಲನ್ನು ಪತ್ರದಲ್ಲಿ ಬರೆಯುವುದೋ ಬಿಡುವುದೋ ಬರೆಯುವವನ ಕೈಯಲ್ಲಿದೆ. ಆ ಸಾಲಿನಲ್ಲಿ ಒಬ್ಬ ಮುದುಕಿಯ ಕೊನೆಯ ಹತ್ತು ವರ್ಷಗಳಿರುತ್ತವೆ.

ನಮ್ಮ ಮನೆಯ ಮಾತು

ಸಲಹೆಗಾರನ ಮೇಲಷ್ಟೇ ಹೊರೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ವೈಯಕ್ತಿಕ ಕಾನೂನಿಗೆ ಧಕ್ಕೆ ಬಂತೆಂದರೆ ಬೀದಿಗಿಳಿಯುವ ಸಮಾಜ ನಮ್ಮದು. ಅದೇ ಕಾನೂನು ತಂಗಿಗೆ ಕೊಟ್ಟ 28 ಗುಂಟೆಯ ಮಾತು ಬಂದಾಗ, ನಮ್ಮ ಕಡೆ ಹೆಣ್ಣುಮಕ್ಕಳಿಗೆ ಜಮೀನು ಕೊಡುವ ರೂಢಿಯಿಲ್ಲ, ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುವವರೂ ನಮ್ಮಲ್ಲೇ ಇದ್ದಾರೆ. ಮಗಳಿಗೆ ಅರ್ಧವೇಕೆ ಎಂದು ಹೊರಗಿನವರು ಕೇಳಿದಾಗ ಗಂಡಸಿನ ಹೊಣೆಗಾರಿಕೆಗಳ ಪಟ್ಟಿ ಕೊಡುತ್ತೇವೆ. ಆ ಅರ್ಧವನ್ನಾದರೂ ಕೊಟ್ಟಿದ್ದೀರಾ ಎಂದು ಅವಳೇ ಕೇಳಿದರೆ ಏನು ಉತ್ತರ? ‘ಅನ್ನಿಸಾ’ ಅಧ್ಯಾಯದ ಏಳನೇ ಸೂಕ್ತ ಸ್ತ್ರೀಯರಿಗೂ ಪಾಲಿದೆ ಎನ್ನುವಾಗ, ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ ಎಂದೇ ಹೇಳುತ್ತದೆ.

ಹಕ್ಕು, ಹಿಸ್ಸೆ, ವಾರಸು, ವಕೀಲ. ಅರಬಿಯಿಂದ ಬಂದ ಈ ಮಾತುಗಳನ್ನು ಸಾತನೂರಿನ ಗೌಡರೂ ಸಾಬರೂ ತಮ್ಮವೆಂದೇ ಆಡುತ್ತಾರೆ. ಅಣ್ಣತಮ್ಮಂದಿರ ತಕರಾರೂ ಎರಡು ಮನೆಗಳಲ್ಲಿ ಒಂದೇ, ತಂಗಿಯ ಮೌನವೂ ಒಂದೇ. ಹಾಗಿರುವಾಗ ನ್ಯಾಯದಿಂದ ಬರೆಯುವ ಒಬ್ಬ ಪತ್ರ ಬರಹಗಾರ ಒಂದು ಸಮುದಾಯಕ್ಕಲ್ಲ, ಇಡೀ ಹೋಬಳಿಗೆ ಬೇಕಾದವನು.

ಅಂಥವನು ಪ್ರಶ್ನೆ ಕೇಳಿದಾಗ ಸಿಟ್ಟಾಗದಿರುವುದು, ಅವನು ತೆಗೆದುಕೊಂಡ ಹೆಚ್ಚಿನ ಸಮಯಕ್ಕೆ ಹಣ ಕೊಡುವುದು, ಬರೆಯಲಾರೆ ಎಂದವನನ್ನು ಬಿಟ್ಟು ಪಕ್ಕದವನ ಬಳಿಗೆ ಓಡದಿರುವುದು ನಮ್ಮ ಪಾಲಿನ ಕೆಲಸ. ಬದುಕಿರುವಾಗಲೇ ಮಕ್ಕಳೆಲ್ಲರನ್ನೂ, ಹೆಣ್ಣುಮಕ್ಕಳನ್ನು ಮೊದಲು, ಒಂದೆಡೆ ಕೂರಿಸಿ ಮಾತಾಡಿ ಮುಗಿಸಿದವರ ಮನೆಯಲ್ಲಿ ಪತ್ರದ ಕೊನೆಯ ಆ ಸಾಲು ತಾನಾಗಿಯೇ ನಿಜವಾಗಿರುತ್ತದೆ.